ಬಾಡಿಗೆ ಮೊದಲೋ, ಇಡ್ಲಿ ಮೊದಲೋ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಡ್ಲಿ ಯಾಕೆ ಇಷ್ಟು ದುಬಾರಿ ಎಂದು ಯಾರನ್ನಾದರೂ ಕೇಳಿ, ‘ಅಲ್ಲಿನ ಬಾಡಿಗೆ ಗೊತ್ತಲ್ಲ’ ಎಂಬ ಉತ್ತರ ಬರುತ್ತದೆ. ಗಲ್ಲಾದಲ್ಲಿ ಕೂತವರೂ ಹಾಗೇ ಹೇಳುತ್ತಾರೆ, ಗಿರಾಕಿಯೂ ತಲೆಯಾಡಿಸುತ್ತಾನೆ. ಅಕ್ಕಿಗೆ ಇಷ್ಟು, ಉದ್ದಿನಬೇಳೆಗೆ ಇಷ್ಟು, ಗ್ಯಾಸಿಗೆ ಇಷ್ಟು, ಭಟ್ಟರ ಸಂಬಳಕ್ಕೆ ಇಷ್ಟು, ಬಾಡಿಗೆಗೆ ಇಷ್ಟು. ಎಲ್ಲ ಕೂಡಿಸಿ ಮೇಲೊಂದಿಷ್ಟು ಲಾಭ ಸೇರಿಸಿದರೆ ಬೆಲೆ ಸಿದ್ಧ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿ ತರಗತಿಗೆ ಬರುವಾಗ ಮನೆಯಿಂದಲೇ ಕಟ್ಟಿಕೊಂಡು ಬಂದಿರುವ ಸಿದ್ಧಾಂತ ಇದು. ಪಾಠಪುಸ್ತಕದ ಬೇಡಿಕೆ-ಪೂರೈಕೆಯ ಗೆರೆಗಳನ್ನು ಅವನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾನೆ; ಹೋಟೆಲಿಗೆ ಹೋದಾಗ ಮತ್ತೆ ಕೂಡಿಕೆಯ ಲೆಕ್ಕವನ್ನೇ ನಂಬುತ್ತಾನೆ. ಆ ಕೂಡಿಕೆಯ ಪಟ್ಟಿಯಲ್ಲಿ ಒಂದು ಬಾಬ್ತು ತಪ್ಪು ಜಾಗದಲ್ಲಿ ಕೂತಿದೆ ಎಂಬುದು ಈ ಅಧ್ಯಾಯದ ವಾದ. ಅಕ್ಕಿಯ ದರ ಇಡ್ಲಿಯ ದರಕ್ಕೆ ಕಾರಣವಾಗಬಲ್ಲದು. ಬಾಡಿಗೆಯ ಸಂಗತಿ ಬಹುಮಟ್ಟಿಗೆ ಉಲ್ಟಾ: ಆ ಮೂಲೆಯಲ್ಲಿ ಇಡ್ಲಿಗೆ ಜನ ಅಷ್ಟು ಕೊಡುತ್ತಾರೆ, ಅಷ್ಟು ಮಂದಿ ಬರುತ್ತಾರೆ ಎಂದೇ ಆ ಮಳಿಗೆಯ ಬಾಡಿಗೆ ಅಷ್ಟಾಗಿದೆ.

ಹೀಗೆ ಹೇಳಿದವರಲ್ಲಿ ಎಲ್ಲರಿಗಿಂತ ಹೆಸರಾದವನು ಡೇವಿಡ್ ರಿಕಾರ್ಡೊ. ಅವನ ಮುಂದಿದ್ದದ್ದು ಇಡ್ಲಿಯಲ್ಲ, ಗೋಧಿ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗೋಧಿ ವಿಪರೀತ ದುಬಾರಿಯಾಗಿತ್ತು. ಯುದ್ಧ ಮುಗಿದು ಬೆಲೆ ಇಳಿಯುವ ಹೊತ್ತಿಗೆ, 1815ರಲ್ಲಿ, ಜಮೀನ್ದಾರರೇ ತುಂಬಿದ್ದ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು: ಒಳನಾಡಿನ ಗೋಧಿ ಕ್ವಾರ್ಟರಿಗೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಪೇಟೆಗೆ ಬರುವಂತಿಲ್ಲ. ಗೇಣಿ ಏರಿದೆ, ಆದ್ದರಿಂದ ಗೋಧಿ ತುಟ್ಟಿಯಾಗದೆ ವಿಧಿಯಿಲ್ಲ ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಷೇರುಪೇಟೆಯಲ್ಲಿ ದುಡ್ಡು ಮಾಡಿ ಅರ್ಥಶಾಸ್ತ್ರಕ್ಕೆ ಬಂದಿದ್ದ ರಿಕಾರ್ಡೊ 1817ರ ತನ್ನ ಗ್ರಂಥದಲ್ಲಿ ಇದನ್ನು ತಿರುವಿ ಹಾಕಿದ. ಊರಿನ ಹೊಟ್ಟೆ ತುಂಬಿಸಲು ಎಷ್ಟು ಗೋಧಿ ಬೇಕೋ ಅಷ್ಟು ಬೆಳೆಯಲು ಒಳ್ಳೆಯ ಹೊಲಗಳು ಸಾಲದೆ ಕಲ್ಲುಭೂಮಿಯನ್ನೂ ಉಳಬೇಕಾಗುತ್ತದೆ. ಆ ಕೊನೆಯ ಹೊಲದ ಬೆಳೆಗೆ ತಗಲುವ ಖರ್ಚು ಗಿಟ್ಟುವಷ್ಟಾದರೂ ಬೆಲೆ ಇರಬೇಕು, ಇಲ್ಲದಿದ್ದರೆ ಅದನ್ನು ಯಾರೂ ಉಳುವುದಿಲ್ಲ. ಪೇಟೆಯಲ್ಲಿ ಗೋಧಿಗೆ ಬೆಲೆ ಒಂದೇ. ಹಾಗಾಗಿ ನೀರಾವರಿಯ ಫಲವತ್ತಾದ ಹೊಲದಲ್ಲಿ ಖರ್ಚು ಕಳೆದು ಬಹಳಷ್ಟು ಮಿಗುತ್ತದೆ, ಆ ಮಿಕ್ಕಿದ್ದನ್ನು ಹೊಲದ ಒಡೆಯ ಗೇಣಿಯಾಗಿ ಎತ್ತಿಕೊಳ್ಳುತ್ತಾನೆ. ಕೊನೆಯ ಹೊಲಕ್ಕೆ ಗೇಣಿಯೇ ಇಲ್ಲ. ಬೆಲೆ ನಿಂತಿರುವುದು ಆ ಹೊಲದ ಖರ್ಚಿನ ಮೇಲೆ. ಕನ್ನಡದ ಅರ್ಥಶಾಸ್ತ್ರ ಬರವಣಿಗೆಯಲ್ಲಿ ಇದಕ್ಕೆ ‘ಗೇಣಿ ಸಿದ್ಧಾಂತ’ ಎಂದೇ ಹೆಸರು. ಗೇಣಿ ಎಂದೊಡನೆ ನಮಗೆ 1974ರ ಭೂಸುಧಾರಣೆ, ಉಳುವವನೇ ಹೊಲದೊಡೆಯ ಎಂಬ ಘೋಷಣೆ ನೆನಪಾಗುವುದರಿಂದ, ನಾಲ್ಕನೇ ಬ್ಲಾಕಿನ ರೋಲಿಂಗ್ ಶಟರಿಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆಯದೆ ಹೋಗುತ್ತದೆ.

ಸಂಬಂಧ ನೇರವಾಗಿಯೇ ಇದೆ. ಜೆ.ಪಿ. ನಗರದ ಒಂಬತ್ತನೇ ಹಂತದಲ್ಲಿ, ಇನ್ನೂ ಅರ್ಧ ನಿವೇಶನಗಳು ಖಾಲಿಯಿರುವ ರಸ್ತೆಯಲ್ಲಿ, ಒಬ್ಬರು ಹೋಟೆಲು ಇಟ್ಟಿದ್ದಾರೆ ಎಂದುಕೊಳ್ಳೋಣ. ಜಯನಗರದ ಬಸ್ ನಿಲ್ದಾಣದ ಎದುರು ಇನ್ನೊಬ್ಬರದ್ದಿದೆ. ಇಬ್ಬರಿಗೂ ಅಕ್ಕಿ, ಬೇಳೆ ಅದೇ ಮಂಡಿಯಿಂದ ಬರುತ್ತದೆ. ಹಾಲು ಅದೇ ನಂದಿನಿ. 19 ಕೆಜಿ ಗ್ಯಾಸ್ ಸಿಲಿಂಡರಿನ ದರ ಒಂದೇ. ಕೆಲಸದ ಹುಡುಗರೂ ಎಲ್ಲಿ ಹತ್ತು ರೂಪಾಯಿ ಹೆಚ್ಚು ಸಿಕ್ಕರೆ ಅಲ್ಲಿಗೆ ಹೋಗುವವರೇ ಆದ್ದರಿಂದ ಸಂಬಳದಲ್ಲೂ ಭಾರೀ ಅಂತರ ಇರಲಾರದು. ಅಂತರ ಇರುವುದು ಬಾಗಿಲ ಮುಂದೆ ನಡೆದು ಹೋಗುವ ಕಾಲುಗಳಲ್ಲಿ. ಜಯನಗರದಲ್ಲಿ ಬೆಳಗ್ಗೆ ಆರಕ್ಕೆ ವಾಕಿಂಗ್ ಮುಗಿಸಿದವರು, ಎಂಟಕ್ಕೆ ಆಫೀಸಿನವರು, ಹನ್ನೊಂದಕ್ಕೆ ಸೀರೆ ಕೊಳ್ಳಲು ಬಂದವರು, ಸಂಜೆ ಕಾಲೇಜಿನವರು. ಈ ಕಾಲುಗಳಿಂದ ಬರುವ ಹೆಚ್ಚುವರಿ ಆದಾಯ ಹೋಟೆಲಿನವರ ಜೇಬಿನಲ್ಲಿ ಬಹಳ ದಿನ ಉಳಿಯುವುದಿಲ್ಲ. ಕರಾರು ನವೀಕರಣದ ದಿನ ಮಳಿಗೆಯ ಮಾಲೀಕ ‘ನೀವು ಕೊಡದಿದ್ದರೆ ಇನ್ನೊಬ್ಬರು ಕಾಯ್ತಿದ್ದಾರೆ’ ಎನ್ನುತ್ತಾನೆ, ಮತ್ತು ಅದು ಸುಳ್ಳಲ್ಲ. 1948ರಲ್ಲಿ ರಾಜಾಜಿಯವರಿಂದ ಶಂಕುಸ್ಥಾಪನೆಯಾದ ಬಡಾವಣೆ ಜಯನಗರ. ಅಲ್ಲಿ ಇನ್ನೊಂದು ನಾಲ್ಕನೇ ಬ್ಲಾಕನ್ನು ಯಾರೂ ತಯಾರಿಸಲಾರರು. ಅಕ್ಕಿಗೆ ಬೆಲೆ ಬಂದರೆ ಗಂಗಾವತಿಯಲ್ಲಿ ಇನ್ನಷ್ಟು ನಾಟಿ ಮಾಡಬಹುದು. ಮೂಲೆ ನಿವೇಶನವನ್ನು ನಾಟಿ ಮಾಡಲಾಗದು.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಅನೇಕ ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎ.ಸಿ. ಹಾಲ್ ಇರುತ್ತದೆ. ಕಟ್ಟಡ ಒಂದೇ, ಅಡುಗೆಮನೆ ಒಂದೇ, ಹಿಟ್ಟು ರುಬ್ಬಿದ ಗ್ರೈಂಡರ್ ಒಂದೇ, ಆದರೆ ದರಪಟ್ಟಿ ಎರಡು. ಬಾಡಿಗೆಯಿಂದ ಬೆಲೆ ಹುಟ್ಟುವುದಾದರೆ ಒಂದೇ ಬಾಡಿಗೆಗೆ ಎರಡು ಬೆಲೆ ಹೇಗೆ ಹುಟ್ಟಿತು? ಎ.ಸಿ.ಯ ಕರೆಂಟು, ಸಪ್ಲೈಯರ್ ಸಂಬಳ ಎಂದು ಒಂದು ಭಾಗವನ್ನು ವಿವರಿಸಬಹುದು. ಉಳಿದ ಭಾಗಕ್ಕೆ ವಿವರಣೆ ಬೇರೆ ಕಡೆ ಹುಡುಕಬೇಕು, ಮತ್ತು ಅದು ಸಿಗುವುದು ದಕ್ಷಿಣ ಬೆಂಗಳೂರೇ ಕಂಡುಹಿಡಿದ ಒಂದು ಸಂಸ್ಥೆಯಲ್ಲಿ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದರು. ವಿದೇಶದ ಫಾಸ್ಟ್ ಫುಡ್ ಅಂಗಡಿಗಳ ಕ್ರಮವನ್ನು ಇಡ್ಲಿ-ವಡೆಗೆ ಹೊಂದಿಸಿದ ಏರ್ಪಾಡು: ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಿ, ಕೌಂಟರಿನಲ್ಲಿ ಪ್ಲೇಟು ಪಡೆಯಿರಿ, ಎದೆಮಟ್ಟದ ಮೇಜಿನ ಮುಂದೆ ನಿಂತು ತಿನ್ನಿ, ಹೊರಡಿ. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಅಡುಗೆ ಕಣ್ಣೆದುರೇ. ನೋಡನೋಡುತ್ತಿದ್ದಂತೆ ಊರೆಲ್ಲ ‘ದರ್ಶಿನಿ’ಗಳಾದವು, ಅಂಗಡಿಯೊಂದರ ಹೆಸರು ಒಂದು ಜಾತಿಯ ಹೋಟೆಲಿಗೇ ಅಂಕಿತವಾಯಿತು.

ದರ್ಶಿನಿಯಲ್ಲಿ ಬದಲಾದದ್ದು ಏನು ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ನಾನೂರು ಚದರಡಿಯ ಮಳಿಗೆ, ತಿಂಗಳ ಬಾಡಿಗೆ ಒಂದೂವರೆ ಲಕ್ಷ, ಅಂದರೆ ದಿನಕ್ಕೆ 5,000 ರೂಪಾಯಿ. ಅಲ್ಲಿ ಕುರ್ಚಿ-ಮೇಜು ಹಾಕಿದರೆ 24 ಜನ ಕೂರಬಹುದು. ಕೂತವರು ನೀರು ಕುಡಿದು, ಮೆನು ನೋಡಿ, ಬಿಲ್ಲಿಗೆ ಕಾದು ಏಳುವಷ್ಟರಲ್ಲಿ ನಲವತ್ತು ನಿಮಿಷ. ದಿನಕ್ಕೆ ಆರು ಗಂಟೆ ಪೂರ್ತಿ ತುಂಬಿದ್ದರೂ ಗಿರಾಕಿಗಳು 216. ತಲೆಗೆ ಬಾಡಿಗೆ ಸುಮಾರು 23 ರೂಪಾಯಿ. ಅದೇ ಜಾಗದಲ್ಲಿ ನಿಂತು ತಿನ್ನುವವರು ಹತ್ತು ನಿಮಿಷದಲ್ಲಿ ಕೈ ತೊಳೆಯುತ್ತಾರೆ. ಸಾವಿರ ಜನ ಬಂದರೆ ತಲೆಗೆ ಐದು ರೂಪಾಯಿ. ಹಾಗಾದರೆ ಹೋಟೆಲಿನಲ್ಲಿ ಮಾರಾಟವಾಗುತ್ತಿರುವುದು ಎರಡು ಸರಕು: ಇಡ್ಲಿ, ಮತ್ತು ಆ ಮೂಲೆಯ ಜಾಗದಲ್ಲಿ ಕೆಲವು ನಿಮಿಷ. ಎ.ಸಿ. ಹಾಲಿನ ದರಪಟ್ಟಿಯಲ್ಲಿ ನಿಮಿಷಗಳ ಪಾಲು ದೊಡ್ಡದು, ದರ್ಶಿನಿಯಲ್ಲಿ ಚಿಕ್ಕದು. ಬೆಂಗಳೂರಿನ ಬೈ-ಟು ಕಾಫಿಯನ್ನು ನಿಂತು ಕುಡಿಯುವ ಕಡೆ ಯಾರೂ ಮುಖ ಸಿಂಡರಿಸದೆ ಕೊಡುತ್ತಾರೆ; ಕೂರುವ ಕಡೆ ಒಂದು ಕಾಫಿಗೆ ಎರಡು ಕುರ್ಚಿ ಹೋದರೆ ಸಪ್ಲೈಯರ್ ಮುಖ ಬೇರೆಯಾಗುತ್ತದೆ. ಅವನಿಗೆ ಸೀಮಾಂತ ವೆಚ್ಚವೆಂಬ ಪದ ಗೊತ್ತಿಲ್ಲದಿರಬಹುದು, ಲೆಕ್ಕ ಚೆನ್ನಾಗಿ ಗೊತ್ತು.

ಇಲ್ಲಿ ಜಾಣ ಓದುಗ ತಡೆಯಬೇಕು, ತಡೆಯುತ್ತಾನೆ ಕೂಡ: ತಲೆಗೆ ಐದೋ ಇಪ್ಪತ್ತಮೂರೋ, ಬಾಡಿಗೆಯನ್ನು ನೀವೇ ಭಾಗಿಸಿ ಬೆಲೆಗೆ ಸೇರಿಸಿದಿರಲ್ಲ, ನಿಮ್ಮ ವಾದ ನಿಮಗೇ ಮುಳುವಾಯಿತಲ್ಲ ಎಂದು. ಲೆಕ್ಕದಲ್ಲಿ ಬಾಡಿಗೆಯನ್ನು ನಾನು ಮೊದಲೇ ಒಂದೂವರೆ ಲಕ್ಷ ಎಂದು ಇಟ್ಟುಕೊಂಡೆ. ಅದು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಈಗ ಕೇಳೋಣ. ಮೊದಲ ದರ್ಶಿನಿಯವರು ಕಡಿಮೆ ದರದಲ್ಲಿ ಮಾರಿಯೂ ಕೂರಿಸುವ ಹೋಟೆಲಿಗಿಂತ ಹೆಚ್ಚು ಗಳಿಸಿದರು ಎಂದಾಯಿತು. ಅದನ್ನು ನೋಡಿದ ಹತ್ತು ಮಂದಿ ಅಂಥದ್ದೇ ಮಳಿಗೆಗಾಗಿ ಅದೇ ರಸ್ತೆಯಲ್ಲಿ ಅಲೆದರು. ಅವರ ನಡುವಿನ ಪೈಪೋಟಿ ಎರಡು ದಿಕ್ಕಿಗೆ ಎಳೆಯಿತು. ಗಿರಾಕಿಗಾಗಿ ಪೈಪೋಟಿ ಇಡ್ಲಿಯ ದರವನ್ನು ಕೆಳಗೆ ಹಿಡಿಯಿತು, ಏಕೆಂದರೆ ಐವತ್ತು ಹೆಜ್ಜೆ ದಾಟಿದರೆ ಇನ್ನೊಂದು ದರ್ಶಿನಿ ಇದೆ. ಮಳಿಗೆಗಾಗಿ ಪೈಪೋಟಿ ಬಾಡಿಗೆಯನ್ನು ಮೇಲೆ ಒಯ್ದಿತು, ಏಕೆಂದರೆ ಒಂದು ಮೂಲೆಗೆ ಹತ್ತು ಜನ. ಹೊಸ ಉಪಾಯದಿಂದ ಹುಟ್ಟಿದ ಉಳಿತಾಯದಲ್ಲಿ ಒಂದು ಪಾಲು ತಿನ್ನುವವನಿಗೆ, ದೊಡ್ಡ ಪಾಲು ಕಾಲಕ್ರಮದಲ್ಲಿ ಕಟ್ಟಡದ ಒಡೆಯನಿಗೆ. ಬಾಡಿಗೆ ಎಂಬ ಅಂಕಿ ಗಿರಾಕಿಯ ಜೇಬಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಬಂದದ್ದು. ಗಲ್ಲಾದಿಂದ ನೋಡಿದವರಿಗೆ ಅದು ಮುಂದೆ ನಿಂತ ಗೋಡೆಯಂತೆ ಕಾಣುತ್ತದೆ, ಅಷ್ಟೆ. ಒಬ್ಬ ವ್ಯಾಪಾರಿಗೆ ವೆಚ್ಚವಾಗಿ ಕಾಣುವುದು ಇಡೀ ಪೇಟೆಗೆ ವೆಚ್ಚವಾಗಿರಬೇಕಿಲ್ಲ ಎಂಬುದನ್ನು ಒಪ್ಪುವುದು ಅರ್ಥಶಾಸ್ತ್ರದ ಆರಂಭದ ತರಗತಿಗಳ ಅತ್ಯಂತ ಕಷ್ಟದ ಪಾಠ. ಹಲವರು ಡಿಗ್ರಿ ಮುಗಿಸಿದರೂ ಒಪ್ಪಿರುವುದಿಲ್ಲ.

ಬಾಡಿಗೆ ಬೆಲೆಯ ಹಿಂದೆ ಹೋಗುತ್ತದೆಯೇ ಹೊರತು ಮುಂದಲ್ಲ ಎಂಬುದು ಇಳಿಗಾಲದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಪಾರ್ಸೆಲ್ಲಿಗೆ ಇಳಿದಾಗ ಬಾಡಿಗೆ ಮನ್ನಾ, ಅರ್ಧ ಬಾಡಿಗೆ, ಅಡ್ವಾನ್ಸಿನಲ್ಲೇ ಮುರಿದುಕೊಳ್ಳುವ ಒಪ್ಪಂದಗಳು ಊರ ತುಂಬ ನಡೆದವು. ಕಟ್ಟಡಗಳು ಅವೇ, ಮಾಲೀಕರೂ ಅವರೇ. ಕಾಲುಗಳು ಮಾತ್ರ ಇರಲಿಲ್ಲ. ಬೆಲೆಯನ್ನು ಬಾಡಿಗೆ ನಿರ್ಧರಿಸುವುದಾಗಿದ್ದರೆ ಕೆಲವೇ ಗಿರಾಕಿಗಳ ತಲೆಗೆ ಇಡೀ ಬಾಡಿಗೆ ಹಂಚಿ ಒಂದು ಪ್ಲೇಟಿಗೆ ಇನ್ನೂರು ರೂಪಾಯಿ ಮಾಡಬೇಕಾಗಿತ್ತು. ಯಾರೂ ಮಾಡಲಿಲ್ಲ, ಮಾಡಿದ್ದರೆ ಇದ್ದ ಗಿರಾಕಿಯೂ ಬರುತ್ತಿರಲಿಲ್ಲ. ಇನ್ನೊಂದು ಪುರಾವೆ ಸ್ವಂತ ಕಟ್ಟಡದ ಹೋಟೆಲುಗಳದ್ದು. ಅವರಿಗೆ ಬಾಡಿಗೆಯ ಖರ್ಚೇ ಇಲ್ಲ. ಕೂಡಿಕೆಯ ಸಿದ್ಧಾಂತದ ಪ್ರಕಾರ ಅವರ ಕಾಫಿ ಪಕ್ಕದವರಿಗಿಂತ ಎದ್ದು ಕಾಣುವಷ್ಟು ಅಗ್ಗವಾಗಿರಬೇಕು. ಸಾಮಾನ್ಯವಾಗಿ ಪೇಟೆಯ ದರವೇ ಇರುತ್ತದೆ. ಮಳಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರಬಹುದಾಗಿದ್ದ ಬಾಡಿಗೆಯನ್ನು ಅವರು ಬಿಟ್ಟುಕೊಟ್ಟಿದ್ದಾರೆ, ಅದೇ ಅವರ ಅವಕಾಶ ವೆಚ್ಚ. ಯಾವ ರಸೀತಿಯಲ್ಲೂ ಇಲ್ಲದ ಈ ಖರ್ಚು ಪಠ್ಯಪುಸ್ತಕದ ಹೊರಗೂ ನಿಜವೇ ಎಂದು ಅನುಮಾನಿಸುವವರು, ಹೋಟೆಲು ಮುಚ್ಚಿ ಕಟ್ಟಡವನ್ನು ಬಟ್ಟೆ ಅಂಗಡಿಗೆ ಕೊಟ್ಟು ನೆಮ್ಮದಿಯಾಗಿರುವ ಹಳೆಯ ಹೋಟೆಲಿಗರ ಎರಡನೆಯ ತಲೆಮಾರನ್ನು ಗಮನಿಸಬಹುದು.

ಆದರೂ ಅಪವಾದಗಳಿವೆ, ಅವು ನಮ್ಮ ಊರಿನ ಹೆಮ್ಮೆಯವೂ ಹೌದು. 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಗ್ಗೆ ದೋಸೆಗಾಗಿ ಬಾಗಿಲ ಹೊರಗೆ ಕಾಯುವವರ ಗುಂಪು ನೋಡಿದರೆ, ಅವರು ಇನ್ನೂ ಹೆಚ್ಚು ದರ ಇಟ್ಟರೂ ನಡೆಯುತ್ತದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಹಾಗಾದರೆ ಗಿರಾಕಿ ಕೊಡಬಲ್ಲಷ್ಟು ದರ ಇಡುತ್ತಾರೆಂಬ ಮಾತು ಎಲ್ಲಿ ಹೋಯಿತು? ಒಂದು ಉತ್ತರ: ದೋಸೆಗೆ ಕೊಡುವ ಬೆಲೆಯಲ್ಲಿ ಮುಕ್ಕಾಲು ಗಂಟೆ ನಿಂತ ಹೊತ್ತೂ ಸೇರಿದೆ. ಬಿಲ್ಲಿನಲ್ಲಿ ಅದು ಬರುವುದಿಲ್ಲ, ಹೋಟೆಲಿನವರಿಗೆ ಸಿಗುವುದೂ ಇಲ್ಲ. ನಿವೃತ್ತರಿಗೆ ಈ ಬೆಲೆ ಅಗ್ಗ, ಒಂಬತ್ತಕ್ಕೆ ಕೆಲಸಕ್ಕೆ ಹೋಗುವವರಿಗೆ ದುಬಾರಿ. ಇನ್ನೊಂದು ಉತ್ತರ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1991ರಲ್ಲಿ ಬರೆದ ಒಂದು ಪುಟ್ಟ ಪ್ರಬಂಧದಲ್ಲಿದೆ. ಕ್ಯಾಲಿಫೋರ್ನಿಯಾದ ಒಂದು ಮೀನಿನ ಊಟದ ಹೋಟೆಲಿನ ಮುಂದೆ ಸದಾ ಸಾಲು, ಎದುರಿನದ್ದರಲ್ಲಿ ಕುರ್ಚಿ ಖಾಲಿ. ಆದರೂ ಮೊದಲನೆಯವರು ದರ ಏರಿಸುವುದಿಲ್ಲ ಯಾಕೆ? ಕೆಲವು ಸರಕುಗಳನ್ನು ಬೇರೆಯವರು ಬಯಸುತ್ತಾರೆ ಎಂಬ ಕಾರಣಕ್ಕೇ ನಾವು ಬಯಸುತ್ತೇವೆ, ಸಾಲು ಕರಗಿದರೆ ಬಯಕೆಯೂ ಕರಗೀತು ಎಂಬುದು ಬೆಕರನ ಊಹೆ. ಗಾಂಧಿಬಜಾರಿಗೆ ಇದು ಎಷ್ಟು ಹೊಂದುತ್ತದೆಂಬುದರಲ್ಲಿ ನನಗೆ ಸ್ವಲ್ಪ ಅನುಮಾನವಿದೆ. ತಲೆಮಾರುಗಳಿಂದ ಬರುವ ಗಿರಾಕಿಗಳ ಮುಖ ನೋಡಿ ದರ ಇಡುವುದೂ ಒಂದು ಕ್ರಮ, ಅದನ್ನು ಲಾಭದ ದೂರದೃಷ್ಟಿ ಎಂದರೂ ಸೈ, ಮರ್ಯಾದೆ ಎಂದರೂ ಸೈ. ಎರಡರಲ್ಲಿ ಯಾವುದಾದರೂ ನಮ್ಮ ವಾದಕ್ಕೆ ತೊಂದರೆಯಿಲ್ಲ: ಅಲ್ಲಿ ಅಗ್ಗವಾಗಿರುವುದು ಬಾಡಿಗೆ ಕಡಿಮೆಯೆಂದಲ್ಲ, ಮಾಲೀಕರು ತಮಗೆ ಬರಬಹುದಾದ ಒಂದು ಪಾಲನ್ನು ಬಿಟ್ಟಿದ್ದಾರೆಂದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಒಂದಿದೆ, ಅದು ರಿಕಾರ್ಡೊನನ್ನೂ ಅಲುಗಾಡಿಸುತ್ತದೆ. ಗೋಧಿಯ ಹೊಲದಲ್ಲಿ ಗೋಧಿಯೊಂದನ್ನೇ ಬೆಳೆಯಬಹುದು ಎಂದು ಅವನು ಬಹುಮಟ್ಟಿಗೆ ಭಾವಿಸಿಕೊಂಡಿದ್ದ. ಜಯನಗರದ ಮಳಿಗೆಯಲ್ಲಿ ಇಡ್ಲಿಯೊಂದನ್ನೇ ಮಾರಬೇಕೆಂದಿಲ್ಲ. ಚಿನ್ನದ ಸಾಲದ ಕಂಪನಿ, ಔಷಧದ ಅಂಗಡಿ, ಮೊಬೈಲ್ ಶೋರೂಮು, ಕನ್ನಡಕದ ಮಳಿಗೆ, ಎಲ್ಲರೂ ಅದೇ ಶಟರಿನ ಮೇಲೆ ಕಣ್ಣಿಟ್ಟಿದ್ದಾರೆ. ಚಿನ್ನದ ಸಾಲದವರು ಎರಡು ಲಕ್ಷ ಕೊಡಲು ಸಿದ್ಧರಿರುವಾಗ ಹೋಟೆಲಿನವರು ಒಂದೂವರೆಗೆ ಅಲ್ಲಿ ಉಳಿಯಲಾರರು. ಹೋಟೆಲಿನ ದೃಷ್ಟಿಯಿಂದ ಈ ಎರಡು ಲಕ್ಷ ನಿಜವಾದ ವೆಚ್ಚವೇ. ಇಡ್ಲಿಯಿಂದ ಹುಟ್ಟಿದ್ದಲ್ಲ, ಹೊರಗಿನಿಂದ ಬಂದದ್ದು. ಈ ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಕೆಲಸ ಮಾಡುವ ದಾರಿಯನ್ನು ನೋಡಬೇಕು. ಬಾಡಿಗೆ ಏರಿದ ಮರುದಿನವೇ ಒಬ್ಬ ಹೋಟೆಲಿನವರು ದರ ಏರಿಸಿದರೆ ಗಿರಾಕಿ ಪಕ್ಕಕ್ಕೆ ಹೋಗುತ್ತಾನೆ. ಬಾಡಿಗೆಯ ಬಿಲ್ಲು ತೋರಿಸಿ ಅವನನ್ನು ತಡೆಯಲಾಗದು. ನಡೆಯುವುದು ಬೇರೆ: ನಾಲ್ಕರಲ್ಲಿ ಒಂದು ಹೋಟೆಲು ಮುಚ್ಚುತ್ತದೆ, ಅದರ ಜಾಗದಲ್ಲಿ ಚಿನ್ನದ ಸಾಲದ ಬೋರ್ಡು ಏಳುತ್ತದೆ, ಉಳಿದ ಮೂರರಲ್ಲಿ ಜನ ದಟ್ಟೈಸುತ್ತಾರೆ, ಆಗ ದರ ಏರುತ್ತದೆ. ಬಾಡಿಗೆ ಬೆಲೆಯನ್ನು ಮುಟ್ಟುವುದು ಹೋಟೆಲುಗಳ ಸಂಖ್ಯೆಯ ಮೂಲಕ, ಎಂದರೆ ಪೂರೈಕೆಯ ಮೂಲಕ. ವಸತಿ ರಸ್ತೆಗಳಲ್ಲಿ ವಾಣಿಜ್ಯ ಬೇಡ ಎನ್ನುವ ನಿವಾಸಿಗಳ ಹೋರಾಟಕ್ಕೂ ಇದರಲ್ಲಿ ಪಾತ್ರವಿದೆ. ಸದ್ದು, ಪಾರ್ಕಿಂಗ್, ಕಸ ಎಂಬ ಅವರ ದೂರುಗಳು ನ್ಯಾಯವಾದವೇ. ಆದರೆ ಪ್ರತಿ ಮುಚ್ಚಿದ ಅಡ್ಡರಸ್ತೆಯೂ ಮುಖ್ಯರಸ್ತೆಯ ಮಳಿಗೆ ಮಾಲೀಕನ ಕೈಗೆ ಒಂದಿಷ್ಟು ಬಾಡಿಗೆಯನ್ನು ಸದ್ದಿಲ್ಲದೆ ದಾಟಿಸುತ್ತದೆ. ಬಿಟಿಎಂ ಬಡಾವಣೆಯಲ್ಲಿ, ಎಂದರೆ ಹಳೆಯ ಬೈರಸಂದ್ರ-ತಾವರೆಕೆರೆ-ಮಡಿವಾಳಗಳಲ್ಲಿ, ಪಿಜಿಗಳ ನಡುವೆ ಮನೆಯ ಗ್ಯಾರೇಜುಗಳೇ ತಿಂಡಿ ಅಂಗಡಿಗಳಾಗಿರುವ ರಸ್ತೆಗಳನ್ನು ಇದರ ಜೊತೆ ಹೋಲಿಸಬೇಕು.

ಅಕ್ಕಿಯ ಸಂಗತಿ ಬೇರೆ ಎಂದು ಆರಂಭದಲ್ಲೇ ಹೇಳಿದೆ; ಹಾಲು, ಕಾಫಿಪುಡಿಯದ್ದೂ ಹಾಗೆಯೇ. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಕಾಫಿಯ ಅಂತರರಾಷ್ಟ್ರೀಯ ದರ ಪೌಂಡಿಗೆ ನಾಲ್ಕು ಡಾಲರು ದಾಟಿ ದಾಖಲೆ ಮಾಡಿತು. ಬ್ರೆಜಿಲಿನ ಬರ ಅದಕ್ಕೆ ಮುಖ್ಯ ಕಾರಣ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಏರಿತು. ಬೆಂಗಳೂರಿನ ಕಾಫಿಯೂ ಏರಿತು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಬೆಳೆಯುವುದು ಕರ್ನಾಟಕದಲ್ಲೇ, ಚಿಕ್ಕಮಗಳೂರು ಆರು ಗಂಟೆಯ ದಾರಿಯೂ ಅಲ್ಲ, ಬ್ರೆಜಿಲಿನಲ್ಲಿ ಮಳೆ ಬಾರದಿದ್ದರೆ ನಮಗೇನು ಎಂಬ ಸಿಟ್ಟು ಬರಬಹುದು. ಬೆಳೆಗಾರನಿಗೆ ಇಟಲಿಯ ಕೊಳ್ಳುವವನೂ ಬನಶಂಕರಿಯ ಕಾಫಿಪುಡಿ ಅಂಗಡಿಯವನೂ ಒಂದೇ. ಮತ್ತೆ ಅವಕಾಶ ವೆಚ್ಚ. ಈ ಏರಿಕೆ ಗಿರಾಕಿಯವರೆಗೆ ಬಂದೇ ಬರುತ್ತದೆ, ಏಕೆಂದರೆ ಇದು ಪ್ರತಿ ಲೋಟದೊಂದಿಗೆ ಹುಟ್ಟುವ ಖರ್ಚು. ಒಂದು ಲೋಟ ಕಡಿಮೆ ಮಾರಿದರೆ ಅಷ್ಟು ಹಾಲು, ಅಷ್ಟು ಡಿಕಾಕ್ಷನ್ ಉಳಿಯುತ್ತದೆ, ಬಾಡಿಗೆ ಉಳಿಯುವುದಿಲ್ಲ. ಲೋಟಕ್ಕೆ ತಗಲುವ ಖರ್ಚೂ ಗಿಟ್ಟದ ದರದಲ್ಲಿ ಯಾರೂ ಮಾರಲಾರರು, ಪಕ್ಕದ ಅಂಗಡಿಯವನೂ ಮಾರಲಾರ, ಹೀಗಾಗಿ ಗಿರಾಕಿಗೆ ಓಡಿಹೋಗಲು ಜಾಗವಿಲ್ಲ. ಹೋಟೆಲು ಮಾಲೀಕರ ಸಂಘ ದರ ಏರಿಕೆ ಪ್ರಕಟಿಸಿದಾಗ ಎಲ್ಲರೂ ಕೂಡಿ ಸುಲಿಯುತ್ತಿದ್ದಾರೆ ಎಂದು ಅನ್ನಿಸುತ್ತದೆ. ಒಂದೊಂದು ರಸ್ತೆಗೆ ಐದು ದರ್ಶಿನಿಗಳಿರುವ ಊರಿನಲ್ಲಿ ಅಂಥ ಒಪ್ಪಂದ ಉಳಿಯುವುದು ಕಷ್ಟ. ಸಂಘದ ಪ್ರಕಟಣೆ ನಿಂತಿರುವುದು ಹಾಲಿನ ದರದ ಮೇಲೆ; ಹಾಲು ಏರದ ತಿಂಗಳಲ್ಲಿ ಪ್ರಕಟಿಸಿದರೆ ಎಷ್ಟು ಜನ ಪಾಲಿಸುತ್ತಾರೆ ಎಂಬುದೇ ಅದರ ಪರೀಕ್ಷೆ.

ಪದಾರ್ಥದ ದರ ಏರಿದಾಗ ಬೆಲೆ ಏರಿಸುವುದೊಂದೇ ದಾರಿಯೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ಲಾಲ್‌ಬಾಗ್ ಬಳಿಯ ಮಾವಳ್ಳಿ ಟಿಫಿನ್ ರೂಮ್ಸಿನವರು (ಎಂಟಿಆರ್) ರವೆಯಲ್ಲಿ ಇಡ್ಲಿ ಮಾಡಿ ನೋಡಿದರು ಎಂಬುದು ಆ ಸಂಸ್ಥೆಯೇ ಹೇಳಿಕೊಂಡು ಬಂದಿರುವ ಕಥೆ. ಬದಲಿ ಸರಕು ಎಂಬ ಪರಿಭಾಷೆಗೆ ಇದಕ್ಕಿಂತ ರುಚಿಯಾದ ಉದಾಹರಣೆ ಯಾವ ಪಠ್ಯದಲ್ಲೂ ಇಲ್ಲ. ಉಡುಪಿ ಕಡೆಯಿಂದ ಬಂದ ಮೈಯ ಸಹೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲೇ ಇನ್ನೊಂದು ಪಾಠಕ್ಕೂ ಸಾಕ್ಷಿ. 1975-77ರ ತುರ್ತು ಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳಿಗೆ ಗರಿಷ್ಠ ದರ ಗೊತ್ತುಮಾಡಿತು. ಬಡವನ ತಟ್ಟೆಗೆ ಒಳ್ಳೆಯದಾಗಲೆಂಬ ಉದ್ದೇಶದಲ್ಲಿ ತಪ್ಪು ಹುಡುಕುವುದು ಬೇಡ. ನಮ್ಮ ವಾದದ ಬೆಳಕಿನಲ್ಲಿ ನೋಡಿದರೆ ದರ ಮಿತಿ ಸ್ವಲ್ಪ ದೂರದವರೆಗೆ ನಿರಪಾಯವಾಗಿಯೂ ಇರಬಹುದು: ಮಾಲೀಕನಿಗೆ ಹೋಗುತ್ತಿದ್ದ ಹೆಚ್ಚುವರಿ ಮೊದಲು ಕರಗುತ್ತದೆ, ಇಡ್ಲಿ ಬರುತ್ತಲೇ ಇರುತ್ತದೆ. ಆ ಹೆಚ್ಚುವರಿ ಮುಗಿದ ಮೇಲೆ ಕಡಿತ ತುಪ್ಪದಿಂದ, ಗೋಡಂಬಿಯಿಂದ, ಕಾಫಿಯ ಗಟ್ಟಿತನದಿಂದ ಆಗಬೇಕು. ಎಂಟಿಆರ್‌ನವರು ಗುಣಮಟ್ಟ ಇಳಿಸಲು ಒಪ್ಪದೆ ಹೋಟೆಲನ್ನೇ ಮುಚ್ಚಿದರು, ಕೆಲಸಗಾರರನ್ನು ರವಾ ಇಡ್ಲಿಯಂಥ ದಿಢೀರ್ ಮಿಶ್ರಣಗಳ ತಯಾರಿಕೆಗೆ ಹಚ್ಚಿದರು. ಪ್ಲೇಟಿನ ಮೇಲೆ ಮಿತಿಯಿತ್ತು, ಪೊಟ್ಟಣದ ವ್ಯಾಪಾರದಲ್ಲಿ ದಾರಿಯಿತ್ತು. ಹೋಟೆಲು ಮತ್ತೆ ತೆರೆದದ್ದು ವರ್ಷಗಳ ಮೇಲೆ. ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಅದನ್ನು ಕೊಂಡುಕೊಂಡಿತು. ದರ ಮಿತಿ ಬರೆದ ಅಧಿಕಾರಿಯ ಊಹೆಗೂ ಇದು ಬಂದಿರಲಾರದು.

ಇದೇ ಉದ್ದೇಶಕ್ಕೆ ಬೇರೆ ದಾರಿಯನ್ನು 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ರಾಹುಲ್ ಗಾಂಧಿ ಉದ್ಘಾಟಿಸಿದರು. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಇಲ್ಲಿ ಯಾವ ಹೋಟೆಲಿಗೂ ನಷ್ಟಕ್ಕೆ ಮಾರೆಂದು ಹೇಳಿಲ್ಲ. ಅಕ್ಕಿ-ಬೇಳೆಗೂ ಗಿರಾಕಿ ಕೊಡುವುದಕ್ಕೂ ನಡುವಿನ ಅಂತರವನ್ನು ಬೊಕ್ಕಸ ತುಂಬುತ್ತದೆ. ಅಂತರ ತುಂಬಲು ಬೊಕ್ಕಸದಲ್ಲಿ ಇರುವಷ್ಟು ಮಾತ್ರ ಟೋಕನ್. ಕ್ಯಾಂಟೀನುಗಳಿರುವುದು ಸರಕಾರಿ ಜಾಗದಲ್ಲಿ, ಬಾಡಿಗೆ ಇಲ್ಲ, ಆದ್ದರಿಂದಲೇ ಅಗ್ಗ ಎಂದು ವಾದಿಸುವವರಿದ್ದಾರೆ. ಜಯನಗರದ ಸರಕಾರಿ ಜಾಗವೂ ಜಯನಗರದ ಜಾಗವೇ. ಅದನ್ನು ಮಳಿಗೆಯಾಗಿ ಕೊಟ್ಟಿದ್ದರೆ ಬರುತ್ತಿದ್ದ ಹಣ ಯಾವ ಬಜೆಟ್ ಪುಸ್ತಕದಲ್ಲೂ ಕಾಣದೆ ಅನ್ನದ ತಟ್ಟೆಗೆ ಹೋಗುತ್ತಿದೆ. ಹಾಗೆ ಹೋಗುವುದು ಸರಿಯೆಂಬುದು ನನ್ನ ಅಭಿಪ್ರಾಯ, ಆದರೆ ಹೋಗುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಬಾಡಿಗೆ ಪರಿಣಾಮವೆಂದು ಒಪ್ಪಿದರೆ ಅಹಿತಕರವಾದ ಒಂದು ಪ್ರಶ್ನೆ ಎದುರಾಗುತ್ತದೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಆರಂಭವಾಯಿತು. ರಾಗಿಗುಡ್ಡ, ಜಯದೇವ, ಬಿಟಿಎಂ ಬಡಾವಣೆಗಳ ನಿಲ್ದಾಣದ ಮೆಟ್ಟಿಲ ಬಳಿ ಹೊಸ ಕಾಲುಗಳು ಇಳಿಯತೊಡಗಿದವು. ಕಾಮಗಾರಿಯ ವರ್ಷಗಳಲ್ಲಿ ಬ್ಯಾರಿಕೇಡಿನ ಹಿಂದೆ ಧೂಳು ಕುಡಿದ ಹೋಟೆಲಿನವರು ಈಗ ಸುಧಾರಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಕರಾರು ನವೀಕರಣ ಬರುತ್ತದೆ. ತೆರಿಗೆ ಕೊಟ್ಟವರು ಎಲ್ಲರೂ, ಟಿಕೆಟ್ ಕೊಳ್ಳುವವರು ಪ್ರಯಾಣಿಕರು, ಏರಿದ ಬಾಡಿಗೆ ಮೆಟ್ಟಿಲ ಪಕ್ಕದ ಕಟ್ಟಡದವರಿಗೆ. ಅದರಲ್ಲಿ ಒಂದು ಪಾಲನ್ನು ಆಸ್ತಿ ತೆರಿಗೆಯಾಗಿ ಮರಳಿ ಕೇಳಿದರೆ ‘ಬಾಡಿಗೆದಾರನ ಮೇಲೆ ಹಾಕ್ತೀವಿ, ಇಡ್ಲಿ ಬೆಲೆ ಏರುತ್ತೆ’ ಎಂಬ ಎಚ್ಚರಿಕೆ ತಕ್ಷಣ ಕೇಳಿಬರುತ್ತದೆ. ಬೆಂಗಳೂರಿನ ಆಸ್ತಿ ತೆರಿಗೆ 2008ರಿಂದ ಊರನ್ನು ಎ ಯಿಂದ ಎಫ್ ವರೆಗೆ ಆರು ವಲಯಗಳಾಗಿ ವಿಂಗಡಿಸಿ ಚದರಡಿಯ ಮೇಲೆ ಹಾಕುವ ಪದ್ಧತಿಗೆ ಬಂದಾಗಿನಿಂದ ಪ್ರತಿ ಪರಿಷ್ಕರಣೆಯ ಮಾತು ಎದ್ದಾಗಲೂ ಈ ಎಚ್ಚರಿಕೆಯದ್ದೇ ಸದ್ದು. ಮಾಲೀಕನಿಗೆ ನಾಳೆ ಹೆಚ್ಚು ಬಾಡಿಗೆ ಸಿಗುವುದಾದರೆ ಇವತ್ತೇ ಯಾಕೆ ಕೇಳಲಿಲ್ಲ? ಗಿರಾಕಿಯ ಕಾಲುಗಳು ಹೊರಬಲ್ಲಷ್ಟನ್ನು ಅವನು ಆಗಲೇ ಪಡೆಯುತ್ತಿದ್ದಾನೆ. ತೆರಿಗೆ ಏರಿತೆಂದು ಅವನ ಮಳಿಗೆಯ ಮುಂದೆ ಒಬ್ಬನೂ ಹೆಚ್ಚು ನಡೆಯುವುದಿಲ್ಲ. ಕಟ್ಟಡದ ಮೇಲಿನ ತೆರಿಗೆಯ ಮಟ್ಟಿಗೆ ಅವನ ಮಾತಿನಲ್ಲಿ ಸ್ವಲ್ಪ ನಿಜವಿದೆ, ತೆರಿಗೆ ಹೆಚ್ಚಾದರೆ ಹೊಸ ಮಹಡಿ ಕಟ್ಟುವವರು ಹಿಂದೆಮುಂದೆ ನೋಡಬಹುದು. ಮಹಡಿಯ ಕೆಳಗಿನ ನೆಲ ಮಾತ್ರ ಯಾವ ತೆರಿಗೆಗೂ ಹೆದರಿ ರಾಗಿಗುಡ್ಡ ಬಿಟ್ಟು ಹೋಗುವುದಿಲ್ಲ.